ಹಗ್ಗ ಕಟ್ಟಿದ ಡಿಫೆನ್ಸು, ಬಿಚ್ಚಿದ ಬಾಯಿ

ನಮ್ಮ ಟೀಮಿನ ಡಿಫೆನ್ಸಿನಲ್ಲಿ ಎಲ್ಲಿ ತೂತಿದೆ ಎಂಬುದನ್ನು ಎದುರಾಳಿಗಳಿಗೆ ಹೇಳಿಕೊಟ್ಟವನು ನಾನೇ. ಗುಟ್ಟಾಗಿ ಕಿವಿಯಲ್ಲಿ ಹೇಳಲಿಲ್ಲ. ಸೆಮಿಫೈನಲ್ ನಡೆಯುತ್ತಿರುವಾಗಲೇ, ಮೈದಾನದ ಮೂಲೆ ಮೂಲೆಗೆ ಭೋಂಗಾ ಕಟ್ಟಿದ್ದ ಮೈಕಿನಲ್ಲಿ, ಅರ್ಧ ನಿಪ್ಪಾಣಿಗೆ ಕೇಳುವ ಹಾಗೆ ಹೇಳಿದೆ. ಲಂಚ ತಿಂದು ಹೇಳಿದ್ದರೆ ಜನ ಕಳ್ಳ ಎಂದು ಬೈದು ಸುಮ್ಮನಾಗುತ್ತಿದ್ದರು. ಕಳ್ಳನಿಗೆ ಸ್ವಲ್ಪ ಬುದ್ಧಿಯಾದರೂ ಇರುತ್ತದೆ ಎಂದು ಒಪ್ಪುತ್ತಿದ್ದರು. ನಾನು ಹೇಳಿದ್ದು ಬರೀ ಹೊಟ್ಟೆಕಿಚ್ಚಿಗೆ. ಅದೂ ಸ್ವಂತ ಅಕ್ಕನ ಗಂಡನ ಮೇಲಿನ ಹೊಟ್ಟೆಕಿಚ್ಚಿಗೆ.

ಆಗ ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಕೊನೆಯ ವರ್ಷ ಎಂಬುದು ನನ್ನ ಮಟ್ಟಿಗೆ ಬಹಳ ದಿನಗಳಿಂದ ನಡೆದೇ ಇತ್ತು. ಕೊಲ್ಹಾಪುರದ ಬಸ್ಸು ನಮ್ಮೂರಿಗೆ ತಂದಿಳಿಸಿದ ಸಾಮಾನುಗಳಲ್ಲಿ ಫುಟ್‌ಬಾಲ್ ಹುಚ್ಚೂ ಒಂದು. ಅಲ್ಲಿ ಪೇಟೆಗೊಂದು ಟೀಮು ಇರುವುದನ್ನು ನೋಡಿ ನಮ್ಮ ಓಣಿಯ ತರುಣ ಮಂಡಳವೂ ಒಂದು ಟೀಮು ಕಟ್ಟಿತ್ತು. ಮಂಡಳದ ಅಧ್ಯಕ್ಷರು ಬಸ್ ಸ್ಟ್ಯಾಂಡಿನ ಹಿಂದಿನ ಚಹಾ ಅಂಗಡಿಯ ಕಾಕಾ. ಆಡುವವರು ಹನ್ನೊಂದು ಜನ. ಅವರು ಹೇಗೆ ಆಡಬೇಕಿತ್ತು ಎಂದು ಕಾಕಾನ ಅಂಗಡಿಯ ಬಾಕಿನ ಮೇಲೆ ಕೂತು ಹೇಳುವವರಿಗೆ ಲೆಕ್ಕವಿರಲಿಲ್ಲ. ಆ ಬಾಕಿನ ಮೇಲೆ ಎಲ್ಲರಿಗಿಂತ ಮೊದಲು ಬರುವವನು ನಾನು, ಎಲ್ಲರೂ ಎದ್ದ ಮೇಲೆ ಏಳುವವನೂ ನಾನು.

ನಾನು ಆಡಿದ್ದು ಒಂದೇ ಮ್ಯಾಚು. ಅವತ್ತು ಚೆಂಡು ನನಗಿಂತ ಹೆಚ್ಚು ಸಲ ರೆಫರಿಗೆ ತಾಗಿತ್ತು. ಕಡೆಗೊಮ್ಮೆ ನನ್ನ ಕಾಲಿಗೆ ಸಿಕ್ಕಾಗ ಎಷ್ಟು ಖುಷಿಯಾಯಿತೆಂದರೆ, ಸೀದಾ ನಮ್ಮ ಗೋಲಿನೊಳಗೇ ಹೊಡೆದು ಎರಡೂ ಕೈ ಎತ್ತಿಕೊಂಡು ಮೈದಾನ ಸುತ್ತಿದೆ. ಕಾಕಾ ನನ್ನನ್ನು ಹೊರಗೆ ಕರೆದು ಕೈಗೆ ಮೈಕು ಕೊಟ್ಟರು.

"ನಿನ್ನ ಕಾಲಿಗಿಂತ ಬಾಯಿ ಚಲೋ ಓಡತೈತಿ. ಅದನ್ನರ ಓಡಸು" ಅಂದರು.

ಅಂದಿನಿಂದ ನಮ್ಮ ಮೈದಾನದಲ್ಲಿ ಏನೇ ನಡೆದರೂ ಕಾಮೆಂಟರಿ ನನ್ನದು. ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ಎರಡರಲ್ಲೂ ಇಲ್ಲದ ಮಾತು. ಜನ ನಗುತ್ತಿದ್ದರು. ಭಾಜಿ ಮಾರುವ ಮುದುಕಿಯರೂ ಬುಟ್ಟಿ ಇಳಿಸಿ ಕೇಳುತ್ತಿದ್ದರು. ಮನೆಯಲ್ಲಿ, ಕಾಲೇಜಿನಲ್ಲಿ ನಾನು ಯಾವ ಲೆಕ್ಕದಲ್ಲೂ ಇರಲಿಲ್ಲ, ಮೈಕು ಹಿಡಿದಾಗ ಮಾತ್ರ ಇದ್ದೆ. ಮೈಕು ಹೋದರೆ ನನ್ನ ಹತ್ತಿರ ಉಳಿಯುವುದು ಬರೀ ಬಾಯಿ, ಅದು ಎಲ್ಲರ ಹತ್ತಿರವೂ ಇರುತ್ತದೆ.

ಆ ಬೇಸಿಗೆಯಲ್ಲಿ ನಮ್ಮ ಟೀಮಿಗೆ ಒಂದು ರೋಗ ಹತ್ತಿತು. ದೂರದಿಂದ ಹೊಡೆದ ಚೆಂಡು ಬಂದರೆ ನಮ್ಮ ಬ್ಯಾಕ್‌ಗಳು ತಲೆಯಿಂದ ಗುದ್ದಿ ಸಂಕೇಶ್ವರದ ತನಕ ಕಳಿಸುತ್ತಿದ್ದರು. ಯಾರಾದರೂ ಸಣ್ಣ ಸಣ್ಣ ಪಾಸು ಕೊಡುತ್ತ ಬಂದರೆ ಮಾತ್ರ ಮದುವೆ ಮನೆಯಲ್ಲಿ ಚಪ್ಪಲಿ ಕಳೆದುಕೊಂಡವರ ಹಾಗೆ ಆಗುತ್ತಿದ್ದರು. ರಾಯಬಾಗದ ಪಂದ್ಯಾವಳಿಯಲ್ಲಿ ಅಂಕಲಿ ಊರಿನ ಹುಡುಗರ ಕೈಯಲ್ಲಿ ನಾಲ್ಕು ಗೋಲು ತಿಂದು ಬಂದೆವು. ಅಂಕಲಿಯವರು ಚಿಕ್ಕಂದಿನಿಂದ ಆಡಿದ್ದು ಹೊಲದ ಕಣದಲ್ಲಂತೆ. ಒಂದು ಕಡೆ ಬಣವೆ, ಒಂದು ಕಡೆ ಕಟ್ಟಿದ ಎಮ್ಮೆ, ಜೋರಾಗಿ ಒದ್ದರೆ ಚೆಂಡು ಕಬ್ಬಿನೊಳಗೆ. ಅದಕ್ಕೇ ಅವರು ಒದೆಯುವುದನ್ನೇ ಕಲಿತಿರಲಿಲ್ಲ, ಪಕ್ಕದವನಿಗೆ ದಾಟಿಸುವುದನ್ನು ಮಾತ್ರ ಕಲಿತಿದ್ದರು.

ರಾಯಬಾಗದಿಂದ ಬಂದ ಮೇಲೆ ಕಾಕಾನ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ.

"ಇವ ಅವಗ ಕೊಡ್ತಾನ, ಅವ ಇವಗ ಕೊಡ್ತಾನ. ನಮ್ಮವ್ರು ನಡು ನಿಂತು ಅತ್ಲಾಗ ಇತ್ಲಾಗ ಗೋಣ ತಿರಗಸ್ತಾರ. ಫುಟ್‌ಬಾಲ್ ನೋಡಾಕ ಬಂದಾರೋ ಆಡಾಕ ಬಂದಾರೋ ತಿಳೀವಲ್ದು" ಎಂದು ಕಾಕಾ ಚಹಾ ಸೋಸುತ್ತ ಅಂದರು.

ನಮ್ಮ ಸ್ಟಾಪರ್ ಬ್ಯಾಕ್ ಅಲ್ಲೇ ಇದ್ದ. ತಂಬಾಕಿನ ವಖಾರದಲ್ಲಿ ಚೀಲ ಹೊರುವವನು, ಬಾಗಿಲಷ್ಟು ಅಗಲದ ಆಳು. ಅವನು ತಲೆ ತಗ್ಗಿಸಿದ.

"ನಾ ಏನ್ ಮಾಡ್ಲಿ ಕಾಕಾ. ನಾ ಹೋದಲ್ಲೆ ಚೆಂಡ ಇರಾಂಗಿಲ್ಲ. ಚೆಂಡ ಇದ್ದಲ್ಲೆ ನಾ ಇರಾಂಗಿಲ್ಲ."

"ಮತ್ತ ಎಲ್ಲಿರ್ತೀಪಾ ನೀ?"

"ದಾರ್ಯಾಗ ಇರ್ತೀನ್ರಿ."

ಒಬ್ಬ ಬೂಟು ಸರಿಯಿಲ್ಲ ಅಂದ. ಒಬ್ಬ ಗೋಲ್‌ಕೀಪರ್‌ನ ಕಣ್ಣು ತೋರಿಸಬೇಕು ಅಂದ. ಎಲ್ಲರ ಮಾತು ಮುಗಿಯಲಿ ಎಂದು ಕಾಯ್ದು ನಾನು ತೀರ್ಪು ಕೊಟ್ಟೆ. ಚೆಂಡು ಹೋಗುವುದು ನಮ್ಮ ಬ್ಯಾಕ್‌ಗಳ ಕಾಲ ಸಂದಿಯಲ್ಲಿ, ಆದ್ದರಿಂದ ಅವರು ಕಾಲು ಜೋಡಿಸಿಕೊಂಡು ನಿಲ್ಲಬೇಕು ಅಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಎಲ್ಲರೂ ನಂಬಿದರು. ಒಂದು ವಾರ ನಮ್ಮ ನಾಲ್ಕು ಬ್ಯಾಕ್‌ಗಳು ಝಂಡಾವಂದನೆಗೆ ನಿಂತ ಶಾಲೆಯ ಹುಡುಗರ ಹಾಗೆ ಕಾಲು ಜೋಡಿಸಿ ಅಭ್ಯಾಸ ಮಾಡಿದರು. ಕಾಲು ಜೋಡಿಸಿ ನಿಂತವನಿಗೆ ಓಡಲು ಬರುವುದಿಲ್ಲ ಎಂಬುದು ಸ್ಟಾಪರ್ ಕಡಿದ ಕಬ್ಬಿನ ಹಾಗೆ ಅಡ್ಡಡ್ಡ ಬಿದ್ದ ಮೇಲೆ ನಮಗೆ ತಿಳಿಯಿತು. ಆದರೂ ಬಾಕಿನ ಮೇಲೆ ನನ್ನ ಜಾಗಕ್ಕೆ ಧಕ್ಕೆ ಬರಲಿಲ್ಲ. ನನಗಿಂತ ಒಳ್ಳೆಯ ಉಪಾಯ ಹೇಳುವವರು ಅಲ್ಲಿ ಯಾರೂ ಇರಲಿಲ್ಲವಲ್ಲ.

ಅಷ್ಟರಲ್ಲಿ ಅಧಿಕ ಮಾಸ ಬಂತು, ಅದರ ಜೊತೆಗೆ ಅಕ್ಕನನ್ನು ಕರೆದುಕೊಂಡು ದಾಜಿ ಬಂದರು. ನಮ್ಮ ಗಡಿ ಸೀಮೆಯಲ್ಲಿ ಅಕ್ಕನ ಗಂಡನಿಗೆ ದಾಜಿ ಅನ್ನುತ್ತೇವೆ, ಅವರು ಹೆಂಡತಿಯ ತಮ್ಮನಿಗೆ ಪಾವಣೇರು ಅನ್ನುತ್ತಾರೆ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆಸಿ ಹೂರಣ ತುಂಬಿದ ಧೋಂಡೆಯ ಊಟ ಹಾಕಬೇಕು, ಅಕ್ಕಿ ಬೆಲ್ಲದ ಅನಾರಸ ಕರಿದು ಕೊಡಬೇಕು, ಹೊಸ ಬಟ್ಟೆ ಉಡಿಸಬೇಕು. ಆ ತಿಂಗಳು ಅಳಿಯ ಎಂದರೆ ದೇವರ ಪಕ್ಕದ ಮಣೆ. ಮಗ ಎಂದರೆ ಮಣೆ ತಂದು ಹಾಕುವವನು.

ದಾಜಿ ಕೊಲ್ಹಾಪುರದವರು, ಅಲ್ಲಿಯ ಒಂದು ಕಾರಖಾನೆಯಲ್ಲಿ ನೌಕರಿ. ತೆಳ್ಳಗೆ, ಇಸ್ತ್ರಿ ಹಾಕಿದ ಅಂಗಿ, ಮಾತು ಕಡಿಮೆ. ಮನೆಮಾತು ಮರಾಠಿ. ಕನ್ನಡ ಅಕ್ಕನಿಂದ ಕಲಿತದ್ದು, ಹಾಗಾಗಿ ಅರ್ಧಕ್ಕರ್ಧ ಬೈಗುಳದ ಧಾಟಿಯಲ್ಲಿರುತ್ತಿತ್ತು. ಅವರು ತಪ್ಪು ಕನ್ನಡ ಆಡಿದರೆ ನಮ್ಮವ್ವ "ಎಷ್ಟ ಛಂದ ಮಾತಾಡ್ತಾರ ನೋಡ್" ಅನ್ನುತ್ತಿದ್ದಳು. ನಾನು ಸರಿ ಕನ್ನಡದಲ್ಲಿ ಇನ್ನೊಂದು ಧೋಂಡೆ ಕೇಳಿದರೆ "ಅಳಿಯಂದ್ರದ್ದು ಊಟ ಆಗಲಿ, ತಡಿ" ಅನ್ನುತ್ತಿದ್ದಳು. ಅವರ ತಾಟಿನಲ್ಲಿ ತುಪ್ಪ ಹರಿದು ಅಂಚಿಗೆ ಬರುತ್ತಿತ್ತು. ನನ್ನ ತಾಟಿಗೆ ಎಣ್ಣೆಯಲ್ಲಿ ಒಡೆದು ಪುಡಿಯಾದ ಅನಾರಸದ ಚೂರು. ಅಕ್ಕ ನನ್ನ ಮುಖ ನೋಡಿದಳು.

"ಯಾಕೋ, ಹೊಟ್ಟಿ ಉರ್ಯಾಕತ್ತೈತೇನು?"

"ಹಸದೈತಿ" ಅಂದೆ.

"ಹಸದ ಮಾರಿ ಹಿಂಗಿರಾಂಗಿಲ್ಲ ಬಿಡು" ಅಂದು ನಕ್ಕಳು.

ತುಪ್ಪದ ಮಟ್ಟಿಗೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಸಂಜೆ ಅವರನ್ನು ಮೈದಾನಕ್ಕೆ ಕರೆದುಕೊಂಡು ಹೋಗು ಎಂದು ಅವ್ವ ನನ್ನ ಕೊರಳಿಗೆ ಕಟ್ಟಿದಳು. ಅಂದು ನಮ್ಮವರ ಅಭ್ಯಾಸ ನಡೆದಿತ್ತು. ನಮ್ಮ ಮಂಡಳದ್ದೇ ಪಂದ್ಯಾವಳಿ ಶುರುವಾಗಿ ನಾವು ಸೆಮಿಫೈನಲ್‌ಗೆ ಬಂದಿದ್ದೆವು, ಅಲ್ಲಿ ಮತ್ತೆ ಅಂಕಲಿಯವರೇ ಎದುರಾಗಿದ್ದರು. ದಾಜಿ ಶೇಂಗಾ ತಿನ್ನುತ್ತ ಸುಮ್ಮನೆ ನೋಡಿದರು. ಪೊಟ್ಟಣ ಖಾಲಿಯಾದ ಮೇಲೆ ಸ್ಟಾಪರ್‌ನನ್ನು ಹತ್ತಿರ ಕರೆದರು.

"ಭಾವು, ನೀವು ಮದ್ಲ ಕಬಡ್ಡಿ ಆಡ್ತಿದ್ರಿ. ಬರೋಬರ್?"

"ಹೌದ್ರಿ ದಾಜಿ. ನಾವ್ ನಾಲ್ಕೂ ಮಂದಿ ತಾಲೂಕಾ ಟೀಮಿನ್ಯಾಗ ಇದ್ವಿ. ನಿಮಗ ಯಾರ್ ಹೇಳಿದ್ರಿ?"

"ನಿಮ್ಮ ಕಾಲು ಹೇಳ್ತಾವು. ಚೆಂಡ ತಂದವ್ನ ಮ್ಯಾಲ ನಾಲ್ಕೂ ಮಂದಿ ಬೀಳ್ತೀರಿ. ಕಬಡ್ಡಿದಾಗ ಬರಾವ ಒಬ್ಬನಾ, ಅವನ್ನ ಹಿಡದ್ರ ಮುಗೀತು. ಇಲ್ಲಿ ನೀವ್ ಹಿಡಿಯೂದ್ರಾಗ ಅವ ಮಗ್ಗಲದಾವ್ಗ ಚೆಂಡ ಕೊಟ್ಟಿರ್ತಾನ. ನೀವ್ ನಾಲ್ಕೂ ಮಂದಿ ಬರೀ ಮನಷ್ಯಾನ ಹಿಡಕೊಂಡ ನಿಂತಿರ್ತೀರಿ."

ನಾಲ್ವರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಕಬಡ್ಡಿಯಲ್ಲಿ ಬಂದವನು ತನ್ನ ಉಸಿರನ್ನು ಇನ್ನೊಬ್ಬನಿಗೆ ಪಾಸು ಕೊಡಲಾರ. ಇಷ್ಟು ಸಣ್ಣ ವಿಷಯ. ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದಂತಾದದ್ದು ಆಗ. ಏಕೆಂದರೆ ಆ ನಾಲ್ವರ ಕಬಡ್ಡಿ ಮ್ಯಾಚುಗಳಿಗೆಲ್ಲ ಕಾಮೆಂಟರಿ ಹೇಳಿದವನು ನಾನೇ. ಅವರು ಕೈ ಕೈ ಹಿಡಿದು ರೇಡರ್‌ನ ಮೇಲೆ ಬೀಳುವುದನ್ನು "ಬಂತ್ ನೋಡ್ರಿ ಸಂತಿ ಗದ್ದಲ" ಎಂದು ವರ್ಣಿಸಿದವನೂ ನಾನೇ. ಕಣ್ಣೆದುರಿಗೆ ಇದ್ದದ್ದು ನನಗೆ ಕಾಣಲಿಲ್ಲ, ನಿನ್ನೆ ಬಸ್ಸಿಳಿದವರಿಗೆ ಶೇಂಗಾ ತಿನ್ನುವುದರೊಳಗೆ ಕಂಡಿತು.

ಮರುದಿನ ದಾಜಿ ವಖಾರದಿಂದ ಚೀಲ ಕಟ್ಟುವ ಹಗ್ಗ ತರಿಸಿದರು. ನಾಲ್ಕೂ ಬ್ಯಾಕ್‌ಗಳ ಸೊಂಟಕ್ಕೆ, ನಡುವೆ ಅಂತರ ಬಿಟ್ಟು, ಒಂದೇ ಹಗ್ಗ ಕಟ್ಟಿದರು. ಒಬ್ಬನೇ ಓಡಿದರೆ ಹಗ್ಗ ಜಗ್ಗುತ್ತದೆ, ಇಬ್ಬರು ಒಂದೇ ಕಡೆ ಬಿದ್ದರೆ ಹಗ್ಗ ಜೋತು ಬೀಳುತ್ತದೆ. ಚೆಂಡು ಎಡಕ್ಕೆ ಬಂದರೆ ನಾಲ್ವರೂ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ, ಅಂತರ ಮಾತ್ರ ಕೆಡಬಾರದು. ನಾನು "ಜೋಡೆತ್ತು ಸಾಲದಂತ ನಾಲ್ಕ ಹೂಡ್ಯಾರ" ಎಂದು ನಗೆ ಮಾಡಿದೆ. ಒಬ್ಬನೂ ನಗಲಿಲ್ಲ. ನಾಲ್ಕು ದಿನ ಹಗ್ಗ ಕಟ್ಟಿ ಆಡಿ, ಐದನೇ ದಿನ ಬಿಚ್ಚಿದರೂ ಅವರು ಕಟ್ಟಿದ ಹಾಗೇ ಸರಿದಾಡುತ್ತಿದ್ದರು. ಸಣ್ಣ ಪಾಸಿಗೆ ಸಂದಿಯೇ ಇಲ್ಲ.

"ಒಂದ ಮಾತು" ಎಂದು ದಾಜಿ ಅಂಗಡಿಯಲ್ಲಿ ದನಿ ಇಳಿಸಿದರು. "ನಾಲ್ಕೂ ಮಂದಿ ಒಂದ ಬಾಜೂಕ ಸರದ್ರ ಇನ್ನೊಂದ ಬಾಜೂ ರಿಕಾಮಾ, ಪೂರಾ ಖಾಲಿ ಉಳೀತೈತಿ. ಉದ್ದ ಪಾಸ್ ಕೊಟ್ರ ಗೋಲ್. ಖರೇ ಅಂಕಲಿ ಹುಡುಗ್ರು ಉದ್ದ ನೋಡಾಂಗಿಲ್ಲ, ಅವರಿಗೆ ರೂಢಿ ಇಲ್ಲ. ಅವರಿಗೆ ಯಾರೂ ಹೇಳಬಾರ್ದು, ಇಷ್ಟಾ."

ಕಾಕಾ ಅವರ ಮುಂದೆ ಸ್ಪೆಷಲ್ ಚಹಾ ಇಟ್ಟರು. ನನ್ನ ಮುಂದೆ ಬರೀ ಹಿಂದಿನ ಚಹಾ ಬಟ್ಟಲಿನ ಗುರುತು ಇತ್ತು. ಆಮೇಲೆ ಕಾಕಾ ನನ್ನ ಎದೆಗೇ ಕೈ ಹಾಕಿದರು.

"ದಾಜೀನ ಯಾಕ ಮೈಕ್ ಹಿಡೀಬಾರ್ದು? ಆಟ ತಿಳದವ್ರು. ಮಂದೀಗೂ ನಾಕ ಮಾತ ತಿಳೀತಾವು."

"ಮಂದಿ ತಿಳಕೊಳ್ಳಾಕ ಬರಾಂಗಿಲ್ಲ ಕಾಕಾ, ನಗಾಕ ಬರ್ತಾರ" ಅಂದೆ. ನನ್ನ ದನಿ ನನಗೇ ಬೇರೆಯವರದು ಅನಿಸಿತು.

"ಅಧಿಕ ಮಾಸದಾಗ ಅಳ್ಯಾಗ ಇಲ್ಲ ಅನಬಾರ್ದಪಾ. ಮದ್ಲನೇ ಅರ್ಧ ನೀ ಹೇಳು, ಎರಡನೇ ಅರ್ಧ ದಾಜಿ. ಯಾರದು ಚಲೋ ಆಗ್ತೈತೋ ಫೈನಲ್ ಮೈಕ್ ಅವರದಾ."

ದಾಜಿ ತಾವಾಗಿ ಮೈಕು ಕೇಳಿರಲಿಲ್ಲ, ಬೇಡ ಅನ್ನಲೂ ಇಲ್ಲ. ಚಹಾ ಕುಡಿಯುತ್ತ ಮುಗುಳ್ನಕ್ಕರು. ಆ ಮುಗುಳ್ನಗೆಯನ್ನು ನಾನು ಮೂರು ದಿನ ಮನಸ್ಸಿನಲ್ಲಿ ಇಟ್ಟುಕೊಂಡು ಜಗಿದೆ.

ಸೆಮಿಫೈನಲ್ ದಿನ ಮೈದಾನದ ಬೇಲಿ ಕಾಣದಷ್ಟು ಜನ. ಬೇವಿನ ಮರದ ಕೆಳಗೆ ನನ್ನ ಮೇಜು, ಪಕ್ಕದ ಕುರ್ಚಿಯಲ್ಲಿ ಹೊಸ ಬಟ್ಟೆ ತೊಟ್ಟ ದಾಜಿ. ಆಟ ಶುರುವಾಯಿತು. ಅಂಕಲಿಯವರು ಎಂದಿನಂತೆ ಸಣ್ಣ ಪಾಸು ಕೊಡುತ್ತ ಬಂದರು, ನಮ್ಮ ನಾಲ್ವರು ಕಾಣದ ಹಗ್ಗ ಹಿಡಿದವರಂತೆ ಸರಿದರು. ಅಂಕಲಿಯವರಿಗೆ ದಾರಿ ಸಿಗಲಿಲ್ಲ. ಅಷ್ಟರಲ್ಲಿ ನಮ್ಮವನೊಬ್ಬ ಒಂದು ಗೋಲು ಹೊಡೆದೂ ಬಿಟ್ಟ. ನಾನು ಗಂಟಲು ಹರಿಯುವಂತೆ ಕೂಗಿದೆ. ಆದರೆ ಜನ ಕೂಗಿದ್ದು ಬೇರೆ.

"ದಾಜಿ, ದಾಜಿ" ಎಂದು ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ಕೂಗಿದರು. ನಾಲ್ಕು ದಿನದ ಹಗ್ಗದ ಕಥೆ ಊರಿಗೆಲ್ಲ ಗೊತ್ತಾಗಿತ್ತು. ನಗೆ ನನ್ನದು, ಗಂಟಲು ನನ್ನದು, ಹೆಸರು ಅವರದು. ಸ್ಟಾಪರ್ ಕೂಡ ನಮ್ಮ ಕಡೆ ತಿರುಗಿ ಕೈ ಎತ್ತಿದ. ನಾನೂ ಎತ್ತಿದೆ. ಅವನು ಎತ್ತಿದ್ದು ನನ್ನ ಪಕ್ಕದ ಕುರ್ಚಿಗೆ.

ಆಗ ನನ್ನ ತಲೆಯಲ್ಲಿ ಒಂದೇ ಯೋಚನೆ. ಅರ್ಧ ಮುಗಿಯುವುದರೊಳಗೆ ನನಗೂ ಆಟ ತಿಳಿಯುತ್ತದೆ ಎಂದು ಈ ಜನಕ್ಕೆ ತೋರಿಸಬೇಕು. ಬರೀ ನಗಿಸುವವನಲ್ಲ, ಡಿಫೆನ್ಸಿನ ಒಳಹೊರಗು ಬಲ್ಲವನು ಅನ್ನಿಸಿಕೊಳ್ಳಬೇಕು. ಮೈಕನ್ನು ಬಾಯಿಗೆ ಒತ್ತಿ ಶುರು ಮಾಡಿದೆ.

"ನೋಡ್ರಿ ಮಂದಿ, ಇದು ಬರೀ ಓಡೂ ಆಟ ಅಲ್ಲ. ನಮ್ಮ ನಾಲ್ಕ ಬ್ಯಾಕ್ ಈಗ ಎಡಕ್ಕ ಸರದಾರ. ಯಾಕ? ಸಣ್ಣ ಪಾಸ್ ತಡ್ಯಾಕ. ಹಂಗಾದ್ರ ಬಲಕ್ಕ ಯಾರ ಅದಾರ? ಯಾರೂ ಇಲ್ಲ. ನಾಕ ಎಮ್ಮಿ ಬಿಟ್ರ ಆರಾಮ ಮೇಯತಾವು, ಅಷ್ಟ ರಿಕಾಮಾ ಐತಿ. ಖರೇ ಅಂಕಲಿ ಮಂದೀಗೆ ಅದು ಕಾಣಾಂಗಿಲ್ಲ. ಅವ್ರು ಮೂಗಿನ ತುದಿ ಬಿಟ್ಟು ನೋಡಿದವ್ರ ಅಲ್ಲ."

ಜನ ಗೊಳ್ಳೆಂದು ನಕ್ಕರು. ನನ್ನ ಜೀವಕ್ಕೆ ತಂಪಾಯಿತು. ಆ ತಂಪು ಚೆಂಡು ಹೊರಗೆ ಹೋಗಿ ಒಳಗೆ ಬರುವಷ್ಟು ಹೊತ್ತೂ ಇರಲಿಲ್ಲ. ಅಂಕಲಿ ಕ್ಯಾಪ್ಟನ್ ಚೆಂಡಿನ ಮೇಲೆ ಕಾಲಿಟ್ಟು ನಿಂತು, ಮೊದಲು ಭೋಂಗಾ ಕಡೆ ನೋಡಿದ, ಆಮೇಲೆ ಆ ಖಾಲಿ ಕಡೆ ನೋಡಿದ. ಹುಟ್ಟಿದಾರಭ್ಯ ಅವನು ಅಷ್ಟು ದೂರ ನೋಡಿದ್ದು ಅದೇ ಮೊದಲಿರಬೇಕು. ಒಬ್ಬ ಹುಡುಗನಿಗೆ ಕೈ ಮಾಡಿದ. ಆ ಹುಡುಗ ಹೋಗಿ ಸರಿಯಾಗಿ ನನ್ನ ನಾಲ್ಕು ಎಮ್ಮೆ ಮೇಯುವ ಜಾಗದಲ್ಲಿ ನಿಂತ.

ನಾನು ಮೈಕು ಮುಚ್ಚಿ ದಾಜಿಯ ಮುಖ ನೋಡಿದೆ. ಅವರು ಮೈದಾನವನ್ನೇ ನೋಡುತ್ತಿದ್ದರು.

ಅರ್ಧ ಮುಗಿಯುವುದರೊಳಗೆ ಎರಡು ಉದ್ದ ಪಾಸು, ಎರಡು ಗೋಲು. ಗೋಲು ಬಿದ್ದಾಗ ಅದನ್ನು ಮೈಕಿನಲ್ಲಿ ಸಾರುವ ಕೆಲಸವೂ ನನ್ನದೇ. ಮೊದಲನೆಯದನ್ನು ಹೇಗೋ ಹೇಳಿದೆ. ಎರಡನೆಯದಕ್ಕೆ ದನಿ ಹೊರಡಲಿಲ್ಲ, ಬರೀ ಉಸಿರು ಭೋಂಗಾದಲ್ಲಿ ಬುಸುಗುಟ್ಟಿತು. ಬೇಲಿಯ ಹತ್ತಿರ ಯಾರೋ "ಲೇ, ನಮ್ಮ ಗೋಲ್‌ಕೀಪರ್ ಎಡಗಣ್ಣ ಮಬ್ಬ ಐತಿ, ಅದನ್ನೂ ಹೇಳಿಬಿಡು" ಅಂದ. ಸ್ಟಾಪರ್ ನೀರು ಕುಡಿಯಲು ಬಂದವನು ನನ್ನ ಮೇಜಿನ ಮುಂದೆ ನಿಂತು, ನೀರು ಪೂರ್ತಿ ಕುಡಿದು, ಖಾಲಿ ಲೋಟ ನನ್ನ ಮೈಕಿನ ಮುಂದೆ ಇಟ್ಟು ಹೋದ.

ಎರಡನೇ ಅರ್ಧಕ್ಕೆ ಮೈಕು ದಾಜಿಯ ಕೈಗೆ ಹೋಯಿತು. ಅವರಾದರೂ ತೊದಲಲಿ, ಹಗ್ಗದ ಹಾಗೆ ನಾಲಗೆ ಗಂಟಾಗಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅವರು "ನಮಸ್ಕಾರ" ಅಂದರು, ಮೈಕನ್ನು ಮೇಜಿನ ಮೇಲೆ ಮಲಗಿಸಿದರು. ಅಷ್ಟೇ. ಆಮೇಲೆ ಒಂದು ಮಾತೂ ಇಲ್ಲ. ಎದ್ದು ಗೆರೆಯ ಹತ್ತಿರ ಹೋಗಿ, ದೂರದ ಬ್ಯಾಕ್‌ಗೆ ಸ್ವಲ್ಪ ಹಿಂದೆ ನಿಲ್ಲುವಂತೆ ಕೈಯಲ್ಲೇ ಸನ್ನೆ ಮಾಡಿ ಬಂದು ಕೂತರು. ಭೋಂಗಾಗಳು ಸುಮ್ಮನಿದ್ದವು. ಚೆಂಡಿಗೆ ಕಾಲು ತಾಗುವ ಸದ್ದು, ನಮ್ಮ ಹುಡುಗರು ಒಬ್ಬರನ್ನೊಬ್ಬರು ಕೂಗುವುದು ಬೇಲಿಯವರೆಗೆ ಕೇಳುತ್ತಿತ್ತು. ಅಂಕಲಿಯವರಿಗೆ ಮತ್ತೊಂದು ಗೋಲು ಸಿಗಲಿಲ್ಲ. ನಮಗೂ ಸಿಗಲಿಲ್ಲ. ಒಂದಕ್ಕೆ ಎರಡರಿಂದ ಸೋತೆವು.

ಹೊರಗೆ ಹೋಗುತ್ತಿದ್ದ ಜನ ಏನು ಮಾತಾಡಿದರು ಎಂಬುದನ್ನು ನಾನು ತಂತಿ ಸುತ್ತುವ ನೆವದಲ್ಲಿ ಕಿವಿಯಾರೆ ಕೇಳಿದೆ. "ಆ ಮನಷ್ಯಾ ಎಷ್ಟ ಶಾಣ್ಯಾ ನೋಡ್, ಒಂದ ಮಾತ ಆಡ್ಲಿಲ್ಲ." ನಾನು ಇಷ್ಟು ವರ್ಷ ಬಾಯಿ ನೋಯುವಂತೆ ಮಾತಾಡಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಅವರು ಮಾತಾಡದೇ ಗಳಿಸಿದ್ದರು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರುತ್ತದೆ ಅಂದುಕೊಂಡಿದ್ದೆ. ಇರುವುದಿಲ್ಲ.

ಸಂಜೆ ಕಾಕಾನ ಅಂಗಡಿಗೆ ಹೋಗುವ ಧೈರ್ಯ ನನಗಿರಲಿಲ್ಲ. ಹೋಗದಿದ್ದರೆ ನನ್ನ ಬೆನ್ನ ಹಿಂದೆ ಏನು ತೀರ್ಮಾನವಾಗುತ್ತದೋ ಎಂಬ ಹೆದರಿಕೆ ಇನ್ನೂ ದೊಡ್ಡದಿತ್ತು, ಅದಕ್ಕೇ ಹೋದೆ. ಬಾಕಿನ ತುದಿಯಲ್ಲಿ, ಅರ್ಧ ಕೂತು ಅರ್ಧ ನಿಂತ ಹಾಗೆ ಇದ್ದೆ. ಸೋತ ಟೀಮು ಅಲ್ಲೇ ಇತ್ತು. ಮರುದಿನ ಫೈನಲ್, ಅಂಕಲಿಗೂ ಚಿಕ್ಕೋಡಿಗೂ. ಪಂದ್ಯಾವಳಿ ನಮ್ಮ ಮಂಡಳದ್ದಾದ್ದರಿಂದ ನಾವು ಸೋತರೂ ಮೈಕು ನಾವೇ ನಡೆಸಬೇಕು.

ಕಾಕಾ ನನ್ನ ಕಡೆ ನೋಡಲಿಲ್ಲ. ಮೈಕಿನ ಪೆಟ್ಟಿಗೆಯನ್ನು ಎತ್ತಿ ದಾಜಿಯ ಮುಂದೆ ಇಟ್ಟರು.

"ದಾಜಿ, ನಾಳೆ ನೀವಾ ಹಿಡೀರಿ. ನಾಕ ಮಾತ ಆಡ್ರಿ, ಇಲ್ಲ ಸುಮ್ಮ ಕುಂದರ್ರಿ. ಇವಗ ಕೊಟ್ರ ನಾಳೆ ಊರಿನ ಬ್ಯಾಂಕ್ ಕೀಲಿ ಎಲ್ಲಿ ಇಡ್ತಾರಂತ ಹೇಳಾವ."

ಎಲ್ಲರೂ ನಕ್ಕರು. ನನ್ನ ನಗೆಯನ್ನು ನನ್ನ ಮೇಲೆಯೇ ಯಾರೋ ಬಳಸಿದ ಹಾಗಿತ್ತು. ನಾನೂ ಹಲ್ಲು ತೋರಿಸಿದೆ. ಕಣ್ಣು ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿತ್ತು, ಅದು ದಾಜಿಯ ಮೊಣಕಾಲಿಗೆ ತಾಗಿಕೊಂಡಿತ್ತು.

ದಾಜಿ ಚಹಾ ಮುಗಿಸಿದರು, ಬಟ್ಟಲು ಪಕ್ಕಕ್ಕಿಟ್ಟರು, ಪೆಟ್ಟಿಗೆಯನ್ನು ಬಾಕಿನ ಮೇಲೆ ನನ್ನ ಕಡೆ ತಳ್ಳಿದರು. ಮುಖದಲ್ಲಿ ನಗೆಯ ಗೆರೆಯೂ ಇರಲಿಲ್ಲ.

"ಪಾವಣೇರಿಗೇ ಕೊಡ್ರಿ ಕಾಕಾ" ಅಂದರು. "ನಾಳೆ ಬಿನಧಾಸ್ತ ಮಾತಾಡ್ಲಿ. ನಾಳೆ ನಮ್ಮ ಟೀಮ್ ಇಲ್ಲಲ್ಲ."